ಗೋವಾದ ಹುಲಿ ಕಾಡು: ಮಹದಾಯಿ ಹೊರಗುಳಿದರೆ ಏನಾಗುತ್ತದೆ?

ಗೋವಾದಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಗುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಎರಡು ವರ್ಷಗಳಲ್ಲಿ ಮೂರು ಬಗೆಯ ಉತ್ತರ ಬಂದಿದೆ. ಮೂರು ತಿಂಗಳಲ್ಲಿ ಘೋಷಿಸಬೇಕೆಂದು 2023ರ ಜುಲೈನಲ್ಲಿ ಹೈಕೋರ್ಟ್ ಹೇಳಿತು. ಸದ್ಯಕ್ಕೆ ಇದ್ದದ್ದು ಇದ್ದ ಹಾಗೇ ಇರಲಿ ಎಂದು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೊದಲು ಅರ್ಧ ಮಾಡಿ, ಉಳಿದರ್ಧ ಆಮೇಲೆ ನೋಡೋಣ ಎಂದು ಅದೇ ನವೆಂಬರ್‌ನಲ್ಲಿ ಕೋರ್ಟಿನ ತಜ್ಞ ಸಮಿತಿ ಹೇಳಿತು. ಆ ಉಳಿದರ್ಧದಲ್ಲಿ ಮಹದಾಯಿ ಅಭಯಾರಣ್ಯವಿದೆ.

ಮಹದಾಯಿ ಎಂದ ಕೂಡಲೇ ಕನ್ನಡಿಗರಿಗೆ ಕಳಸಾ-ಬಂಡೂರಿ ನೆನಪಾಗುತ್ತದೆ. ಹಾಗಾಗಿ ವಾಸ್ಕೊ, ಮಡಗಾಂವ್, ಫೋಂಡಾದ ಕನ್ನಡಿಗರ ನಡುವೆಯೂ, ಗಡಿಯಾಚೆಯ ಖಾನಾಪುರ, ಬೆಳಗಾವಿಯಲ್ಲೂ ಈ ಸುದ್ದಿ ನೀರಿನ ಜಗಳದ ಇನ್ನೊಂದು ಅಧ್ಯಾಯವಾಗಿಯೇ ಓಡಾಡುತ್ತಿದೆ. ಊರುಗಳನ್ನೇ ಎಬ್ಬಿಸುತ್ತಾರೆ, ದೂಧ್‌ಸಾಗರ ಬಂದ್ ಆಗುತ್ತದೆ, ಕರ್ನಾಟಕದ ನೀರು ನಿಲ್ಲುತ್ತದೆ ಎಂಬ ಮಾತುಗಳೂ ಜೊತೆಗಿವೆ. ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ನಿಜ. ಒಂದೊಂದಾಗಿ ಬಿಡಿಸಿ ನೋಡಬೇಕು.

ಪ್ರಕರಣ ಇಲ್ಲಿಗೆ ಬಂದ ದಾರಿ

ಗೋವಾದ ಪೂರ್ವ ಅಂಚಿನಲ್ಲಿ, ಸಹ್ಯಾದ್ರಿಯ ಇಳಿಜಾರಿನುದ್ದಕ್ಕೂ ಐದು ಸಂರಕ್ಷಿತ ಕಾಡುಗಳು ಸಾಲಾಗಿ ಹಬ್ಬಿವೆ. ಉತ್ತರದ ಸತ್ತರಿ ತಾಲ್ಲೂಕಿನಲ್ಲಿ 208 ಚದರ ಕಿಲೋಮೀಟರ್‌ನ ಮಹದಾಯಿ. ನಡುವೆ ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ಅದಕ್ಕೆ ಅಂಟಿಕೊಂಡ ಮೊಲೆಂ ರಾಷ್ಟ್ರೀಯ ಉದ್ಯಾನ, ಎರಡೂ ಸೇರಿ 240. ಸಾಂಗೆಂನಲ್ಲಿ 211 ಚದರ ಕಿಲೋಮೀಟರ್‌ನ ನೇತ್ರಾವಳಿ. ದಕ್ಷಿಣದ ತುದಿಯಲ್ಲಿ, ಕಾಣಕೋಣದಲ್ಲಿ, 85 ಚದರ ಕಿಲೋಮೀಟರ್ ಮೀರಿದ ಖೋತಿಗಾಂವ್. ಒಟ್ಟು ಸುಮಾರು 745 ಚದರ ಕಿಲೋಮೀಟರ್, ಅಂದರೆ ಗೋವಾದ ನೆಲದ ಐದನೇ ಒಂದು ಪಾಲು. ಗಡಿಯ ಈಚೆಗೆ ಕರ್ನಾಟಕದ ಭೀಮಗಡ ವನ್ಯಜೀವಿ ಧಾಮ ಮತ್ತು ಕಾಳಿ ಹುಲಿ ಸಂರಕ್ಷಿತ ಪ್ರದೇಶಗಳಿವೆ. ನಕ್ಷೆಯಲ್ಲಿ ರಾಜ್ಯದ ಗಡಿರೇಖೆಯನ್ನು ಅಳಿಸಿದರೆ ಕಾಣುವುದು ಒಂದೇ ಕಾಡು.

ಇದನ್ನು ಹುಲಿ ಸಂರಕ್ಷಿತ ಪ್ರದೇಶ ಮಾಡಬೇಕೆಂಬ ಮಾತು ಹಳೆಯದು. ಕೇಂದ್ರ ಪರಿಸರ ಸಚಿವರಾಗಿದ್ದಾಗ ಜೈರಾಮ್ ರಮೇಶ್ 2011ರಲ್ಲೇ ಗೋವಾ ಸರ್ಕಾರಕ್ಕೆ ಬರೆದಿದ್ದರು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ 2016ರಲ್ಲಿ ಪ್ರಸ್ತಾವ ಕಳಿಸುವಂತೆ ಕೇಳಿತು. ಏನೂ ಆಗಲಿಲ್ಲ. 2020ರ ಜನವರಿಯಲ್ಲಿ ಮಹದಾಯಿಯ ಗೋಲಾವಲಿ ಬಳಿ ಒಂದು ತಾಯಿ ಹುಲಿ ಮತ್ತು ಅದರ ಮೂರು ಮರಿಗಳು ಕೆಲವೇ ದಿನಗಳ ಅಂತರದಲ್ಲಿ ಸತ್ತು ಸಿಕ್ಕವು. ವಿಷ ಹಾಕಿ ಕೊಲ್ಲಲಾಗಿತ್ತು. ಗೋವಾ ಫೌಂಡೇಶನ್ ಎಂಬ ಪರಿಸರ ಸಂಸ್ಥೆ ಹೈಕೋರ್ಟಿಗೆ ಹೋಯಿತು. ಬಾಂಬೆ ಹೈಕೋರ್ಟಿನ ಗೋವಾ ಪೀಠ 2023ರ ಜುಲೈ 24ರಂದು ಎರಡು ಮುಖ್ಯ ಸೂಚನೆ ಕೊಟ್ಟಿತು: ಮೂರು ತಿಂಗಳಲ್ಲಿ ಹುಲಿ ಸಂರಕ್ಷಿತ ಪ್ರದೇಶ ಘೋಷಣೆ, ಹನ್ನೆರಡು ತಿಂಗಳಲ್ಲಿ ಕಾಡಿನೊಳಗಿನ ಜನರ ಹಕ್ಕುಗಳ ಇತ್ಯರ್ಥ. ಮೊದಲನೆಯದರ ಬಗ್ಗೆ ಎಲ್ಲರೂ ಮಾತಾಡಿದರು, ಎರಡನೆಯದು ಯಾರ ಬಾಯಲ್ಲೂ ಬರಲಿಲ್ಲ. ಇಡೀ ಬಿಕ್ಕಟ್ಟು ನಿಂತಿರುವುದು ಆ ಎರಡನೆಯದರ ಮೇಲೆ.

ರಾಜ್ಯ ಸರ್ಕಾರ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಕೋರ್ಟ್ ವಿಷಯವನ್ನು ಕೇಂದ್ರ ಉನ್ನತಾಧಿಕಾರ ಸಮಿತಿಗೆ ಒಪ್ಪಿಸಿತು. ಸಿಇಸಿ ಎಂದು ಪತ್ರಿಕೆಗಳಲ್ಲಿ ಬರುವುದು ಇದೇ. ಸಮಿತಿ ಕೊಟ್ಟ ಸೂತ್ರ ಹೀಗಿದೆ: ಮೊದಲ ಹಂತದಲ್ಲಿ ನೇತ್ರಾವಳಿ ಮತ್ತು ಖೋತಿಗಾಂವ್ ಕೋರ್ ಪ್ರದೇಶ (ಹುಲಿಗೆಂದೇ ಬಿಡುವ ಒಳಭಾಗ), 296.7 ಚದರ ಕಿಲೋಮೀಟರ್. ಮೊಲೆಂ ರಾಷ್ಟ್ರೀಯ ಉದ್ಯಾನ ಮತ್ತು ಭಗವಾನ್ ಮಹಾವೀರದ ಉತ್ತರ ಭಾಗ ಬಫರ್ (ಜನರೂ ಇರಬಹುದಾದ ಹೊರಪದರ), ಸುಮಾರು 172. ಒಟ್ಟು 468.6. ಇವು ಕಾಳಿಗೆ ತಾಗಿಕೊಂಡಿವೆ, ಒಳಗೆ ಮನೆಗಳೂ ಕಡಿಮೆ ಎಂಬುದು ಸಮಿತಿಯ ಕಾರಣ. ಮಹದಾಯಿ ಮತ್ತು ಮಹಾವೀರದ ದಕ್ಷಿಣ ಭಾಗದಲ್ಲಿ ಮನೆಗಳು ಹೆಚ್ಚು, ಆದ್ದರಿಂದ ಜನರ ಜೊತೆ ಮಾತಾಡಿ ಎರಡನೇ ಹಂತದಲ್ಲಿ ಪರಿಗಣಿಸಬಹುದು ಎಂದಿದೆ.

ಈಗ ಇರುವ ಕಟ್ಟುಪಾಡು ಯಾವುದು, ಹೊಸದು ಯಾವುದು

ಹುಲಿ ಸಂರಕ್ಷಿತ ಪ್ರದೇಶ ಎಂದರೆ ಸರ್ಕಾರ ಹೊಸದಾಗಿ ಜಮೀನು ಕಿತ್ತುಕೊಳ್ಳುತ್ತದೆ ಎಂದು ಹಲವರು ತಿಳಿದಿದ್ದಾರೆ. ಮೇಲೆ ಹೇಳಿದ ಐದು ಕಾಡುಗಳಲ್ಲಿ ಒಂದಿಂಚೂ ಹೊಸ ನೆಲವಲ್ಲ. ಖೋತಿಗಾಂವ್, ಮೊಲೆಂ ಕಾಡುಗಳು 1960ರ ದಶಕದಿಂದಲೇ ಸಂರಕ್ಷಿತ. ಮಹದಾಯಿ, ನೇತ್ರಾವಳಿ 1999ರಲ್ಲಿ, ರಾಷ್ಟ್ರಪತಿ ಆಳ್ವಿಕೆಯ ಕಾಲದಲ್ಲಿ ಅಭಯಾರಣ್ಯವಾದವು. ಮರ ಕಡಿಯಬಾರದು, ಹೊಸ ಕಟ್ಟಡ ಬೇಡ, ಗಣಿಗಾರಿಕೆ ಇಲ್ಲ: ಈ ನಿಷೇಧಗಳೆಲ್ಲ 1972ರ ವನ್ಯಜೀವಿ ಕಾಯ್ದೆಯಡಿ ಅಲ್ಲಿ ಆಗಲೇ ಜಾರಿಯಲ್ಲಿವೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೂ ಅವುಗಳ ಗಡಿಯಿಂದ 1 ಕಿಲೋಮೀಟರ್‌ವರೆಗೂ ಗಣಿಗಾರಿಕೆ ಕೂಡದೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ.

ಹಾಗಾದರೆ ಹೊಸದೇನು? 2006ರಲ್ಲಿ ಕಾಯ್ದೆಗೆ ಸೇರಿದ ಅಧ್ಯಾಯದ ಪ್ರಕಾರ ಹುಲಿ ಪ್ರದೇಶಕ್ಕೆ ಕೋರ್ ಮತ್ತು ಬಫರ್ ಎಂಬ ಎರಡು ಪದರ ಇರಬೇಕು. ಕೋರ್ ಜನವಸತಿಯ ಒತ್ತಡವಿಲ್ಲದೆ ಹುಲಿಗೆ ಬಿಟ್ಟ ಜಾಗ. ಅದನ್ನು ಗುರುತಿಸಲು ತಜ್ಞರ ಸಮಿತಿ ಬೇಕು. ಬಫರ್‌ನಲ್ಲಿ ಜನ, ಬೇಸಾಯ, ದನ ಎಲ್ಲವೂ ಇರುತ್ತದೆ. ಅದರ ಗಡಿ ಹಾಕುವಾಗ ಗ್ರಾಮಸಭೆಯನ್ನು ಕೇಳಬೇಕು. ಮೂರು ಭಾಗಗಳ ಹುಲಿ ಸಂರಕ್ಷಣಾ ಯೋಜನೆ ಬರೆಯಬೇಕು: ಕೋರ್‌ಗೆ ಒಂದು, ಬಫರ್‌ಗೆ ಒಂದು, ಪಕ್ಕದ ಕಾಡುಗಳಿಗೆ ಜೋಡಿಸುವ ಕಾರಿಡಾರ್‌ಗೆ ಒಂದು. ಪ್ರತ್ಯೇಕ ನಿರ್ದೇಶಕ, ಕೇಂದ್ರದ ಅನುದಾನ, ಪ್ರವೇಶ ಶುಲ್ಕ ಖಜಾನೆಗೆ ಹೋಗದೆ ಸ್ಥಳೀಯವಾಗಿ ಉಳಿಯಲು ಒಂದು ಪ್ರತಿಷ್ಠಾನ ಇವೂ ಬರುತ್ತವೆ. ಒಮ್ಮೆ ಘೋಷಿಸಿದ ಮೇಲೆ ಹುಲಿ ಪ್ರಾಧಿಕಾರ ಮತ್ತು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಒಪ್ಪಿಗೆಯಿಲ್ಲದೆ ರಾಜ್ಯ ಸರ್ಕಾರ ಗಡಿ ಬದಲಿಸುವಂತಿಲ್ಲ.

ಕೊನೆಯ ಈ ಅಂಶವೇ ಸರ್ಕಾರಕ್ಕೆ ಕಸಿವಿಸಿ ತರುವುದು ಎಂದು ನನ್ನ ತೀರ್ಮಾನ. ಮೊಲೆಂ ಮೂಲಕ ಹಾದುಹೋಗುವ ಮೂರು ಯೋಜನೆಗಳ ಕಥೆ ಗೋವಾದವರಿಗೆಲ್ಲ ಗೊತ್ತು: ಹೆದ್ದಾರಿ ಅಗಲೀಕರಣ, ಹೈಟೆನ್ಶನ್ ವಿದ್ಯುತ್ ಮಾರ್ಗ, ಕ್ಯಾಸಲ್‌ರಾಕ್‌ನಿಂದ ಕುಳೆವರೆಗಿನ ರೈಲು ಜೋಡಿಹಳಿ. ಇವುಗಳಲ್ಲಿ ಜೋಡಿಹಳಿಗೆ ಕೊಟ್ಟಿದ್ದ ವನ್ಯಜೀವಿ ಅನುಮತಿಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದು ಮಾಡಿತು. ಹುಲಿ ಪ್ರದೇಶವಾದರೆ ಇಂಥ ಪ್ರತಿಯೊಂದು ಕಡತವೂ ಇನ್ನೊಂದು ಮೇಜನ್ನು ದಾಟಿ ಹೋಗಬೇಕಾಗುತ್ತದೆ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಬಹುದು. ಮೊಲೆಂ ರಾಷ್ಟ್ರೀಯ ಉದ್ಯಾನ ಬಫರ್ ಆದರೆ ಅದರ ರಕ್ಷಣೆ ಸಡಿಲವಾಗುತ್ತದೆಯೇ? ಇಲ್ಲ. ರಾಷ್ಟ್ರೀಯ ಉದ್ಯಾನಕ್ಕೆ ಅನ್ವಯಿಸುವ ನಿಯಮಗಳು ಅಭಯಾರಣ್ಯದ ನಿಯಮಗಳಿಗಿಂತ ಬಿಗಿ. ಬಫರ್ ಎಂಬ ಹೆಸರು ಅವುಗಳ ಮೇಲೆ ಬಂದು ಕೂರುತ್ತದೆ ಅಷ್ಟೆ, ಅವನ್ನು ತೆಗೆದುಹಾಕುವುದಿಲ್ಲ.

ಬಂದು ಹೋಗುವ ಹುಲಿಯೋ, ಇಲ್ಲೇ ಇರುವ ಹುಲಿಯೋ

ಗೋವಾದಲ್ಲಿ ಕಾಣುವ ಹುಲಿಗಳು ಕರ್ನಾಟಕದಿಂದ ಬಂದು ಹೋಗುವಂಥವು, ಇಲ್ಲಿ ನೆಲೆಸಿದವಲ್ಲ ಎಂಬುದು ಸರ್ಕಾರದ ಮೊದಲ ವಾದ. 2022ರ ಗಣತಿಯಲ್ಲಿ ಗೋವಾದಲ್ಲಿ ಸಿಕ್ಕ ಹುಲಿಗಳು ಐದು, ಕರ್ನಾಟಕದಲ್ಲಿ 563. ಸಂಖ್ಯೆ ನೋಡಿದರೆ ವಾದ ಸರಿಯೆನಿಸುತ್ತದೆ.

ಆದರೆ ಗೋಲಾವಲಿಯಲ್ಲಿ ಸತ್ತದ್ದು ತಾಯಿ ಮತ್ತು ಮೂರು ಮರಿಗಳು. ಗಂಡು ಹುಲಿ ಹೊಸ ಜಾಗ ಹುಡುಕಿಕೊಂಡು ನೂರಾರು ಕಿಲೋಮೀಟರ್ ನಡೆದು ಬರಬಹುದು. ಮರಿಗಳಿರುವ ಹೆಣ್ಣು ಹಾಗೆ ಅಲೆಯುವುದಿಲ್ಲ. ಮರಿಗಳು ಸುಮಾರು ಎರಡು ವರ್ಷ ತಾಯಿಯ ಜೊತೆಗೇ ಇರುತ್ತವೆ. ಅಷ್ಟೂ ಕಾಲ ತಾಯಿಗೆ ಕಾಡುಹಂದಿ, ಕಡವೆಯಂಥ ಬೇಟೆ, ಬೇಸಿಗೆಯಲ್ಲೂ ಬತ್ತದ ನೀರು, ಮರಿಗಳನ್ನು ಬಚ್ಚಿಡಲು ಗೊಂಡಾರಣ್ಯ ಬೇಕು. ಇವೆಲ್ಲ ಸಿಕ್ಕಿದ ಜಾಗದಲ್ಲಿ ಮಾತ್ರ ಅದು ಸಂಸಾರ ಹೂಡುತ್ತದೆ. ಮಹದಾಯಿ ಅಂಥ ಜಾಗ ಎಂಬುದಕ್ಕೆ ಆ ನಾಲ್ಕು ಸಾವುಗಳೇ ಸಾಕ್ಷಿಯಾಗಬೇಕಾಗಿ ಬಂದದ್ದು ನೋವಿನ ಸಂಗತಿ.

ಎಣಿಕೆಯ ರೀತಿಯನ್ನೂ ಗಮನಿಸಬೇಕು. ಹುಲಿಯ ಎರಡು ಪಕ್ಕೆಗಳ ಪಟ್ಟೆಗಳು ಒಂದೇ ತರ ಇರುವುದಿಲ್ಲ, ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೂ ಹೋಲುವುದಿಲ್ಲ. ಅದಕ್ಕೇ ಕಾಡುದಾರಿಯ ಎರಡೂ ಬದಿಗೆ, ಮೊಣಕಾಲಿನ ಎತ್ತರದಲ್ಲಿ, ಎದುರುಬದುರಾಗಿ ಎರಡು ಕ್ಯಾಮೆರಾ ಕಟ್ಟುತ್ತಾರೆ. ಕಾಡನ್ನು ಎರಡು ಚದರ ಕಿಲೋಮೀಟರ್‌ಗಳ ಚೌಕಗಳಾಗಿ ಭಾಗಿಸಿ ಪ್ರತಿ ಚೌಕಕ್ಕೂ ಒಂದು ಜೋಡಿ. ಒಂದು ಬದಿಯ ಕ್ಯಾಮೆರಾ ಕೆಟ್ಟರೆ ಎಡ ಪಕ್ಕೆಯ ಚಿತ್ರವೂ ಬಲ ಪಕ್ಕೆಯ ಚಿತ್ರವೂ ಒಂದೇ ಹುಲಿಯದೋ ಬೇರೆಬೇರೆಯದೋ ಹೇಳಲಾಗದೆ ಲೆಕ್ಕ ತಪ್ಪುತ್ತದೆ. ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಈ ಕೆಲಸ ಪ್ರತಿ ವರ್ಷ ನಡೆಯಬೇಕೆಂಬ ನಿಯಮವಿದೆ. ದೇಶದ ಗಣತಿ ನಡೆಯುವುದು ನಾಲ್ಕು ವರ್ಷಕ್ಕೊಮ್ಮೆ. ನಾಲ್ಕು ವರ್ಷಕ್ಕೊಮ್ಮೆ ನೋಡಿದಾಗ ಸಿಕ್ಕ ಹುಲಿ ನೆಲೆಸಿದ್ದೋ ಹಾದುಹೋದದ್ದೋ ಎಂದು ಹೇಳುವುದು ಕಷ್ಟ. ವರ್ಷವರ್ಷವೂ ಎಣಿಸುವ ವ್ಯವಸ್ಥೆಯನ್ನು ತರದೆ, ನೆಲೆಸಿದ ಹುಲಿಗೆ ಪುರಾವೆಯಿಲ್ಲ ಎನ್ನುವುದು ನ್ಯಾಯವಲ್ಲ.

ಲಕ್ಷ ಜನ ಎಂಬ ಲೆಕ್ಕ

ಸುಮಾರು ಒಂದು ಲಕ್ಷ ಜನ ಬಾಧಿತರಾಗುತ್ತಾರೆ ಎಂಬ ಅಂಕಿ ಈ ಚರ್ಚೆಯುದ್ದಕ್ಕೂ ಕೇಳಿಬಂತು. ಸತ್ತರಿಯ ಹಳ್ಳಿಗಳಲ್ಲಿ ಭಯ ಹುಟ್ಟಿಸಿದ್ದು ಈ ಅಂಕಿಯೇ. ಸಿಇಸಿ ಮುಂದೆ ಬಂದ ಲೆಕ್ಕದಲ್ಲಿ ಐದೂ ಕಾಡುಗಳ ಒಳಗಿನ ಮನೆಗಳು ಒಟ್ಟು ಸುಮಾರು 1,270. ಮನೆಗೆ ಐದು ಜನ ಎಂದು ಹಿಡಿದರೂ ಆರೂವರೆ ಸಾವಿರ ದಾಟುವುದಿಲ್ಲ. ಇವುಗಳಲ್ಲಿ ಮಹದಾಯಿಯೊಳಗೆ ಆರುನೂರಕ್ಕೂ ಮೇಲ್ಪಟ್ಟು ಮನೆಗಳಿದ್ದರೆ, ನೇತ್ರಾವಳಿ ಮತ್ತು ಖೋತಿಗಾಂವ್ ಎರಡೂ ಸೇರಿದರೂ ನೂರು ಆಗುವುದಿಲ್ಲ.

ಆರು ಸಾವಿರ ಜನರೂ ಜನರೇ. ಅವರ ಆತಂಕವನ್ನು ಉತ್ಪ್ರೇಕ್ಷೆ ಎಂದು ತಳ್ಳಿಹಾಕುವ ಪರಿಸರವಾದ ನನಗೆ ಒಪ್ಪಿಗೆಯಿಲ್ಲ. ಹಾಗೆಂದು ಕಾನೂನು ಅವರನ್ನು ಎತ್ತಂಗಡಿ ಮಾಡಿ ಎಂದೂ ಹೇಳುವುದಿಲ್ಲ. ಕೋರ್ ಪ್ರದೇಶದಿಂದಲೂ ಸ್ಥಳಾಂತರ ಸ್ವಇಚ್ಛೆಯಿಂದಲೇ ಆಗಬೇಕು, ಅದಕ್ಕೆ ಮೊದಲು ಅರಣ್ಯ ಹಕ್ಕುಗಳು ಇತ್ಯರ್ಥವಾಗಿರಬೇಕು, ಗ್ರಾಮಸಭೆ ಒಪ್ಪಬೇಕು. ಹೋಗಲು ಒಪ್ಪಿದ ಕುಟುಂಬಕ್ಕೆ ಈಗಿನ ಪ್ಯಾಕೇಜು 15 ಲಕ್ಷ ರೂಪಾಯಿ.

ಇದಕ್ಕೆ ಉದಾಹರಣೆ ಪಕ್ಕದಲ್ಲೇ ಇದೆ. ಭೀಮಗಡದೊಳಗಿನ ತಾಳೇವಾಡಿಯ ಕುಟುಂಬಗಳು ಇದೇ 15 ಲಕ್ಷದ ಲೆಕ್ಕದಲ್ಲಿ ಕಾಡಿನಿಂದ ಹೊರಬರಲು ಒಪ್ಪಿದವು. ಭೀಮಗಡ ಹುಲಿ ಸಂರಕ್ಷಿತ ಪ್ರದೇಶವಲ್ಲ, ಬರೀ ವನ್ಯಜೀವಿ ಧಾಮ. ಅಂದರೆ ಸ್ಥಳಾಂತರದ ಪ್ರಶ್ನೆ ಹುಲಿಯ ಹಣೆಪಟ್ಟಿಯಿಂದಷ್ಟೇ ಹುಟ್ಟುವುದಲ್ಲ. ಶಾಲೆ, ಆಸ್ಪತ್ರೆ, ಮಳೆಗಾಲದ ರಸ್ತೆ ಇಲ್ಲದ ಊರಿನಲ್ಲಿ ಅದು ಹೇಗಿದ್ದರೂ ಏಳುತ್ತದೆ. ಪ್ಯಾಕೇಜಿನ ಕೊರತೆಯೂ ಅಲ್ಲಿಯಂತೆಯೇ ಇಲ್ಲೂ ಕಾಡುತ್ತದೆ: ಗೋವಾದಲ್ಲಿ ಜಾಗದ ಬೆಲೆ ಗೊತ್ತಿರುವವರಿಗೆ 15 ಲಕ್ಷಕ್ಕೆ ಏನು ಸಿಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ರಾಜ್ಯ ಸರ್ಕಾರ ತನ್ನ ಕಡೆಯಿಂದ ಮನೆ ನಿವೇಶನ, ಸಾಗುವಳಿ ಭೂಮಿ ಸೇರಿಸದಿದ್ದರೆ ಇಲ್ಲಿ ಯಾರೂ ಸ್ವಇಚ್ಛೆಯಿಂದ ಏಳುವುದಿಲ್ಲ.

ಹಕ್ಕಿನ ಕಡತ ಎಲ್ಲಿ ಸಿಕ್ಕಿಕೊಂಡಿದೆ

1999ರಲ್ಲಿ ಅಭಯಾರಣ್ಯ ಘೋಷಿಸಿದ ಮೇಲೆ ಒಳಗಿನ ಜನರ ಹಕ್ಕುಗಳನ್ನು ವಿಚಾರಿಸಿ ತೀರ್ಮಾನಿಸುವುದು ಸರ್ಕಾರದ ಕೆಲಸವಾಗಿತ್ತು. ಕಾಲು ಶತಮಾನ ಕಳೆದರೂ ಅದು ಮುಗಿದಿಲ್ಲ. ಸತ್ತರಿಯಲ್ಲಿ ಜಮೀನಿನ ದಾಖಲೆಯೇ ಗೋಜಲು. ಪೋರ್ಚುಗೀಸರ ಕಾಲದ ಮೊಕಾಸೊ, ಅಲ್ವಾರಾ ಹಿಡುವಳಿಗಳಲ್ಲಿ ತಲೆತಲಾಂತರದಿಂದ ಗೇರುಮರ ಬೆಳೆದುಕೊಂಡು ಬಂದವರ ಹೆಸರು ಇಂದಿನ ಪಹಣಿಯಲ್ಲಿ ಇರದೇ ಹೋಗಬಹುದು. ಇಂಥ ಮನೆಯವರಿಗೆ ಅಭಯಾರಣ್ಯದ ಗಡಿಕಲ್ಲು ಎಂದರೆ ತಮ್ಮ ತೋಟ ಕಳೆದುಹೋಗುವ ಸೂಚನೆ. ಆ ಮೇಲೆ ಹುಲಿಯ ಹೆಸರು ಕೇಳಿದರೆ ಸಿಟ್ಟು ಬರುವುದು ಸಹಜ.

2006ರ ಅರಣ್ಯ ಹಕ್ಕು ಕಾಯ್ದೆ ಇದಕ್ಕೊಂದು ದಾರಿ ತೋರಿಸಿತು. ಗ್ರಾಮಸಭೆ ಅರಣ್ಯ ಹಕ್ಕು ಸಮಿತಿಯನ್ನು ಆರಿಸುತ್ತದೆ. ಸಮಿತಿಯವರು ಅರ್ಜಿ ಪಡೆದು, ಅರಣ್ಯ ಮತ್ತು ಕಂದಾಯ ಸಿಬ್ಬಂದಿಯನ್ನು ಕರೆದುಕೊಂಡು ಜಾಗಕ್ಕೆ ಹೋಗಿ ಅಳೆದು, ನಕ್ಷೆ ಬರೆಯುತ್ತಾರೆ. ಗ್ರಾಮಸಭೆ ಅದನ್ನು ಒಪ್ಪಿ ನಿರ್ಣಯ ಮಾಡುತ್ತದೆ. ಆಮೇಲೆ ಉಪವಿಭಾಗ ಮಟ್ಟದ ಸಮಿತಿ, ಕೊನೆಗೆ ಜಿಲ್ಲಾ ಸಮಿತಿ. ಗೋವಾದಲ್ಲಿ ಹೀಗೆ ಬಂದ ಅರ್ಜಿಗಳು ಸುಮಾರು 10 ಸಾವಿರ.

ಕಡತ ನಿಲ್ಲುವುದು ನಾಲ್ಕೈದು ಕಡೆ. ಗ್ರಾಮಸಭೆಗೆ ಅರ್ಧದಷ್ಟು ಸದಸ್ಯರು ಬರಬೇಕು. ಗೇರು ಕೊಯ್ಲಿನ ಕಾಲದಲ್ಲೋ ಮಳೆಗಾಲದಲ್ಲೋ ಸಭೆ ಕರೆದರೆ ಕೋರಂ ಆಗುವುದಿಲ್ಲ, ಸಭೆ ಮುಂದಕ್ಕೆ ಹೋಗುತ್ತದೆ. ಸ್ಥಳ ಪರಿಶೀಲನೆಗೆ ಅರಣ್ಯ ಸಿಬ್ಬಂದಿ ಬಾರದಿದ್ದರೆ ನಕ್ಷೆಗೆ ಸಹಿ ಇರುವುದಿಲ್ಲ, ಸಹಿಯಿಲ್ಲದ ನಕ್ಷೆಯನ್ನು ಉಪವಿಭಾಗ ಸಮಿತಿ ಹಿಂದಕ್ಕೆ ಕಳಿಸುತ್ತದೆ. ಒಂದೇ ಪುರಾವೆ ಸಾಲದು, ಒಂದಕ್ಕಿಂತ ಹೆಚ್ಚು ಬೇಕು. ಸರ್ಕಾರಿ ಕಾಗದವೇ ಆಗಬೇಕೆಂದೇನಿಲ್ಲ: ಹಳೆಯ ಬಾವಿ, ಗೋರಿ, ದೇವರ ಕಟ್ಟೆ, ಮನೆಯ ಅಡಿಪಾಯ, ಹಿರಿಯರ ಲಿಖಿತ ಹೇಳಿಕೆ ಎಲ್ಲವೂ ನಡೆಯುತ್ತದೆ. ಇದು ಅರ್ಜಿದಾರರಿಗೆ ಗೊತ್ತಿರುವುದಿಲ್ಲ, ಕೆಲವು ಕಡೆ ಅಧಿಕಾರಿಗಳಿಗೂ.

ಎಲ್ಲಕ್ಕಿಂತ ದೊಡ್ಡ ತೊಡಕು ವರ್ಷದ್ದು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲದಲ್ಲಿದ್ದರೆ ಸಾಕು. ಉಳಿದವರು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನೇ ನೆಚ್ಚಿ ಬದುಕಿದ್ದನ್ನು ತೋರಿಸಬೇಕು. ಗೋವಾದಲ್ಲಿ ಗಾವಡಾ, ಕುಣಬಿ, ವೇಳಿಪ ಸಮುದಾಯಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ದನ, ಎಮ್ಮೆ ಸಾಕಿಕೊಂಡು ಕಾಡಂಚಿನಲ್ಲಿ ಬದುಕುವ ಧನಗರ ಗೌಳಿಗಳಿಗೆ ಸಿಗಲಿಲ್ಲ. ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆಯ ಗೌಳಿಗಳ ಬಳಗವೇ ಇದು. ಮೇವು ಹುಡುಕಿ ಜಾಗ ಬದಲಿಸುತ್ತಿದ್ದವರ ಬಳಿ 75 ವರ್ಷದ ಹಿಂದಿನ ಅಡಿಪಾಯ ಎಲ್ಲಿಂದ ಬರಬೇಕು? ಹುಲಿಯ ಜೊತೆ ಅತಿ ಹತ್ತಿರದಲ್ಲಿ ಬದುಕುವವರಿಗೇ ಕಾನೂನಿನ ರಕ್ಷಣೆ ಅತಿ ತೆಳುವಾಗಿದೆ.

ಇಷ್ಟನ್ನು ನೋಡಿದರೆ ಸಿಇಸಿ ಸೂತ್ರದ ದೌರ್ಬಲ್ಯ ಸ್ಪಷ್ಟವಾಗುತ್ತದೆ. ಮನೆಗಳು ಹೆಚ್ಚಿವೆ ಎಂದು ಮಹದಾಯಿಯನ್ನು ಮುಂದಕ್ಕೆ ಹಾಕಿದ್ದು ಅರ್ಥವಾಗುವಂಥದ್ದು. ಆದರೆ ಹಕ್ಕುಗಳ ಇತ್ಯರ್ಥಕ್ಕೆ ಒಂದು ದಿನಾಂಕ ಇಲ್ಲದಿದ್ದರೆ ಎರಡನೇ ಹಂತ ಎಂದೂ ಬರುವುದಿಲ್ಲ. ಇತ್ಯರ್ಥ ವಿಳಂಬವಾದಷ್ಟೂ ಜನರ ವಿರೋಧ ಉಳಿಯುತ್ತದೆ, ವಿರೋಧ ಇದ್ದಷ್ಟೂ ಘೋಷಣೆ ಮುಂದಕ್ಕೆ ಹೋಗುತ್ತದೆ. ಹೈಕೋರ್ಟ್ ಈ ಎರಡನ್ನೂ ಗಡುವಿನ ಸಮೇತ ಕಟ್ಟಿದ್ದು ಇದೇ ಕಾರಣಕ್ಕೆ ಸರಿಯಾಗಿತ್ತು. ಮಹದಾಯಿಯ ಕಡತಗಳಿಗೂ ಅಂಥದ್ದೇ ಗಡುವು ಬೇಕು, ಅದು ಹುಲಿಗಾಗಿ ಮಾತ್ರವಲ್ಲ.

ಕಳಸಾ-ಬಂಡೂರಿಗೆ ಲಾಭವೋ ನಷ್ಟವೋ

ಮಹದಾಯಿ ಹುಲಿ ಪ್ರದೇಶವಾದರೆ ಕರ್ನಾಟಕದ ಯೋಜನೆಯನ್ನು ತಡೆಯಬಹುದು ಎಂದು ಗೋವಾದ ಹಲವು ಹೋರಾಟಗಾರರು ನಂಬಿದ್ದಾರೆ. ಹಾಗಾದರೆ ಈಗ ಅದು ಹೊರಗುಳಿದದ್ದು ನಮಗೆ ಒಳ್ಳೆಯದೇ ಆಯಿತು ಎಂದು ಕರ್ನಾಟಕದ ಕಡೆ ಕೆಲವರು ಲೆಕ್ಕ ಹಾಕುತ್ತಿದ್ದಾರೆ. ಇಬ್ಬರ ಲೆಕ್ಕವೂ ತಪ್ಪುವ ಸಾಧ್ಯತೆಯೇ ಹೆಚ್ಚು.

ಮಹದಾಯಿ ಜಲವಿವಾದ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಕಳಸಾದಿಂದ 1.72, ಬಂಡೂರಿಯಿಂದ 2.18, ಅಂದರೆ 3.9 ಟಿಎಂಸಿ. ಪರಿಷ್ಕೃತ ಯೋಜನಾ ವರದಿಗೆ ಕೇಂದ್ರ ಜಲ ಆಯೋಗ 2022ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಮುಂದಿನ ತಿಂಗಳೇ ಗೋವಾದ ಮುಖ್ಯ ವನ್ಯಜೀವಿ ವಾರ್ಡನ್ ಕರ್ನಾಟಕಕ್ಕೆ ನೋಟಿಸ್ ಕಳಿಸಿದರು. ಅದಕ್ಕೆ ಅವರು ಆಧರಿಸಿದ್ದು ವನ್ಯಜೀವಿ ಕಾಯ್ದೆಯ 29ನೇ ಕಲಂ: ಅಭಯಾರಣ್ಯದ ಒಳಕ್ಕೆ ಅಥವಾ ಹೊರಕ್ಕೆ ಹರಿಯುವ ನೀರನ್ನು ವಾರ್ಡನ್ ಪರವಾನಗಿ ಇಲ್ಲದೆ ತಿರುಗಿಸುವಂತಿಲ್ಲ. ಈ ಕಲಂ ಅಭಯಾರಣ್ಯಕ್ಕೆ ಸಂಬಂಧಿಸಿದ್ದು. ಹುಲಿ ಪ್ರದೇಶವಾಗಲಿ ಬಿಡಲಿ, ಮಹದಾಯಿ 1999ರಿಂದ ಅಭಯಾರಣ್ಯವೇ. ಗೋವಾದ ವಾರ್ಡನ್‌ಗೆ ಕರ್ನಾಟಕದ ನೆಲದ ಕಾಲುವೆಯ ಮೇಲೆ ಅಧಿಕಾರವಿದೆಯೇ ಎಂಬುದು ಬೇರೆಯೇ ವಿವಾದ. ಹುಲಿ ಘೋಷಣೆಯಿಂದ ಅದು ಬಗೆಹರಿಯುವುದಿಲ್ಲ.

ಇನ್ನು ಹುಲಿ ಪ್ರಾಧಿಕಾರದ ಅಧಿಕಾರ. ಹುಲಿ ಪ್ರದೇಶಗಳಷ್ಟೇ ಅಲ್ಲ, ಒಂದು ಸಂರಕ್ಷಿತ ಕಾಡನ್ನು ಇನ್ನೊಂದಕ್ಕೆ ಜೋಡಿಸುವ ಜಾಗಗಳ ಬಗ್ಗೆಯೂ ಅದು ಸಲಹೆ ಕೊಡಬಹುದು. ಕಾಳಿಯಿಂದ ಮಹಾರಾಷ್ಟ್ರದ ಸಹ್ಯಾದ್ರಿ ಹುಲಿ ಪ್ರದೇಶಕ್ಕೆ ಹೋಗುವ ದಾರಿ ಭೀಮಗಡ, ಮಹದಾಯಿ ಕಾಡುಗಳ ಮೂಲಕವೇ ಸಾಗುತ್ತದೆ. ಖಾನಾಪುರದ ಕಣಕುಂಬಿ ಭಾಗದಲ್ಲಿ ಅಗೆತವಾದರೆ ಈ ಕಾರಿಡಾರ್ ಪ್ರಶ್ನೆ ಹೇಗೂ ಎದುರಾಗುತ್ತದೆ. ಕರ್ನಾಟಕಕ್ಕೆ ಬೇಕಾದ ಅರಣ್ಯ ಮತ್ತು ವನ್ಯಜೀವಿ ಅನುಮತಿಗಳು ಪಣಜಿಯ ತೀರ್ಮಾನಕ್ಕೆ ಕಾಯುತ್ತ ನಿಂತಿಲ್ಲ. ಮಹದಾಯಿ ಹೊರಗುಳಿದರೆ ಗೋವಾಕ್ಕೆ ಒಂದು ನೈತಿಕ ನಷ್ಟವಿದೆ. ಹುಲಿಯ ಹೆಸರಿನಲ್ಲಿ ನೀರು ಕೇಳುವ ರಾಜ್ಯ, ಅದೇ ಕಾಡಿಗೆ ಹುಲಿಯ ರಕ್ಷಣೆ ಬೇಡ ಎಂದದ್ದನ್ನು ಎದುರಿನ ವಕೀಲರು ಎತ್ತಿ ತೋರಿಸದೇ ಬಿಡುವುದಿಲ್ಲ.

ದೂಧ್‌ಸಾಗರ, ಜೀಪು, ಜಲಪಾತ

ದೂಧ್‌ಸಾಗರ ಮುಚ್ಚುವುದಿಲ್ಲ. ಅದು ಇಂದಿಗೂ ಸಂರಕ್ಷಿತ ಅರಣ್ಯದೊಳಗೇ ಇದೆ, ಅರಣ್ಯ ಇಲಾಖೆಯ ಶುಲ್ಕ ಕಟ್ಟಿಯೇ ಜೀಪುಗಳು ಕುಳೆಯಿಂದ ಹೋಗುತ್ತವೆ, ಮಳೆಗಾಲದಲ್ಲಿ ಹಳ್ಳ ದಾಟಲಾಗದೆ ನಿಲ್ಲುತ್ತವೆ. ಹುಲಿ ಪ್ರದೇಶದಲ್ಲಿ ಪ್ರವಾಸೋದ್ಯಮಕ್ಕೆ ಪ್ರಾಧಿಕಾರದ 2012ರ ಮಾರ್ಗಸೂಚಿಯಿದೆ. ಕೋರ್ ಪ್ರದೇಶದ ಶೇ 20ರವರೆಗೆ ಪ್ರವಾಸಿಗರಿಗೆ ತೆರೆಯಬಹುದು, ಬಫರ್‌ನಲ್ಲಿ ಇನ್ನೂ ಸಡಿಲ.

ಬದಲಾಗುವುದು ವಾಹನಗಳ ಸಂಖ್ಯೆಯನ್ನು ತೀರ್ಮಾನಿಸುವ ರೀತಿ. ಮಾರ್ಗಸೂಚಿಯ ಲೆಕ್ಕ ಹೀಗೆ: ಎರಡು ವಾಹನಗಳ ನಡುವೆ ಕನಿಷ್ಠ 500 ಮೀಟರ್ ಅಂತರ. 10 ಕಿಲೋಮೀಟರ್ ದಾರಿಯಿದ್ದರೆ ಒಂದು ಹೊತ್ತಿಗೆ 20 ವಾಹನ. ದಿನಕ್ಕೆ ಒಂಬತ್ತು ತಾಸು ತೆರೆದಿದ್ದು, ಒಂದು ಸುತ್ತಿಗೆ ಮೂರು ತಾಸು ಹಿಡಿದರೆ ಮೂರು ಸುತ್ತು, ಅಂದರೆ 60. ಇಲ್ಲಿಗೆ ಲೆಕ್ಕ ಮುಗಿಯುವುದಿಲ್ಲ. ರಸ್ತೆ ಸವೆತ, ಪ್ರಾಣಿಗಳಿಗೆ ಆಗುವ ತೊಂದರೆ, ಮುಚ್ಚಿರುವ ತಿಂಗಳುಗಳು ಒಂದೊಂದಕ್ಕೂ ಶೇಕಡಾವಾರು ಕಳೆಯಬೇಕು. ಬೇಕಾದ ಸಿಬ್ಬಂದಿಯಲ್ಲಿ ಎಷ್ಟು ಜನ ನಿಜವಾಗಿ ಕೆಲಸದಲ್ಲಿದ್ದಾರೆ ಎಂಬ ಅನುಪಾತದಿಂದ ಮತ್ತೆ ಗುಣಿಸಬೇಕು. ಮೊದಲು ಬಂದ 60 ಕೊನೆಗೆ ಅರ್ಧಕ್ಕಿಂತ ಕೆಳಗೆ ಬರಬಹುದು. ಕುಳೆಯ ಜೀಪು ಮಾಲೀಕರ ಆತಂಕಕ್ಕೆ ಆಧಾರವಿರುವುದು ಇಲ್ಲಿ. ಪರವಾನಗಿ ಸ್ಥಳೀಯರಿಗೇ ಸಿಗಬೇಕು, ಶುಲ್ಕದ ಪಾಲು ಪ್ರತಿಷ್ಠಾನದಿಂದ ಊರಿಗೆ ಬರಬೇಕು ಎಂದು ಅವರು ಯೋಜನೆ ಬರೆಯುವ ಹೊತ್ತಿನಲ್ಲೇ ಕೂತು ಬರೆಸಿಕೊಳ್ಳಬೇಕು. ಯೋಜನೆ ಮಂಜೂರಾದ ಮೇಲೆ ತಿದ್ದಿಸುವುದು ಕಷ್ಟ.

ನೇತ್ರಾವಳಿ ಕೋರ್ ಆದರೆ ಅಲ್ಲಿನ ಸಾವರಿ, ಮೈನಾಪಿ ಜಲಪಾತಗಳಿಗೆ ಮಳೆಗಾಲದಲ್ಲಿ ನುಗ್ಗುವ ಜನಸಂದಣಿಗೂ ಮಿತಿ ಬರುತ್ತದೆ. ಮೈನಾಪಿಯಲ್ಲಿ 2023ರ ಜುಲೈನಲ್ಲಿ ಇಬ್ಬರು ಮುಳುಗಿ ಸತ್ತ ಮೇಲೆ ಜಲಪಾತಗಳಿಗೆ ನಿಷೇಧ ಹಾಕಬೇಕಾಗಿ ಬಂದಿತ್ತು. ಇದಲ್ಲದೆ ಉತ್ತರಾಖಂಡದ ಕಾರ್ಬೆಟ್ ಹುಲಿ ಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದ ಮಾತುಗಳು ಗೋವಾಕ್ಕೂ ಅನ್ವಯಿಸುತ್ತವೆ: ಕೋರ್‌ನಲ್ಲಿ ಹುಲಿ ಸಫಾರಿ ಇಲ್ಲ, ರಾತ್ರಿ ಪ್ರವಾಸ ಇಲ್ಲ, ಕೋರ್‌ನ ಪ್ರವಾಸಿ ವಲಯದಲ್ಲಿ ಮೊಬೈಲ್ ಬಳಕೆ ಇಲ್ಲ.

ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನಿಂದ ಬಂದು ಕ್ಯಾಸಲ್‌ರಾಕ್ ಅಥವಾ ಕುಳೆಯಲ್ಲಿ ಇಳಿದು ಹಳಿಯ ಮೇಲೆ ನಡೆದು ದೂಧ್‌ಸಾಗರ ನೋಡುವವರಿಗೆ ಒಂದು ಮಾತು. ಅದಕ್ಕೂ ಹುಲಿಗೂ ಸಂಬಂಧವಿಲ್ಲ, ಅದು ಈಗಲೇ ಅಪರಾಧ. ರೈಲ್ವೆ ಕಾಯ್ದೆಯ 147ನೇ ಕಲಂನಡಿ ಆರು ತಿಂಗಳವರೆಗೆ ಸಜೆ ಅಥವಾ ಒಂದು ಸಾವಿರ ರೂಪಾಯಿವರೆಗೆ ದಂಡ ಬೀಳಬಹುದು. ಸುರಂಗದೊಳಗೆ ಗಾಡಿ ಬಂದರೆ ಸರಿದು ನಿಲ್ಲಲು ಜಾಗ ಸಿಗದೇ ಹೋಗಬಹುದು.

ವಾಸ್ಕೊದ ನಲ್ಲಿಗೂ ನೇತ್ರಾವಳಿಗೂ

ವಾಸ್ಕೊದ ಬೈನಾ, ಝುವಾರಿನಗರ, ಮಡಗಾಂವ್‌ನ ಕನ್ನಡಿಗರಿಗೆ ಈ ಕಾಡುಗಳು ದೂರದವು ಎನಿಸಬಹುದು. ದಕ್ಷಿಣ ಗೋವಾದ ಕುಡಿಯುವ ನೀರಿನ ಮುಖ್ಯ ಆಸರೆ ಸಾಂಗೆಂನ ಸಾಳಾವಲಿ ಅಣೆಕಟ್ಟು. ಅದಕ್ಕೆ ನೀರು ಬರುವುದು ನೇತ್ರಾವಳಿಯ ಕಡೆಯ ಬೆಟ್ಟಗಳಿಂದ. ಫೋಂಡಾ, ಪಣಜಿ ಕಡೆಗೆ ನೀರು ಕೊಡುವ ಓಪಾ ಘಟಕ ಇರುವುದು ಖಾಂಡೇಪಾರ ನದಿಯ ಮೇಲೆ. ಆ ನದಿ ಇಳಿದು ಬರುವುದು ಮೊಲೆಂ ಕಾಡಿನಿಂದ. ಇಳಿಜಾರಿನ ಮರ ಹೋದರೆ ಮಳೆಗಾಲದಲ್ಲಿ ಮಣ್ಣು ಕೊಚ್ಚಿ ಬಂದು ಜಲಾಶಯದ ತಳ ಸೇರುತ್ತದೆ, ಬೇಸಿಗೆಯಲ್ಲಿ ಒರತೆ ಬೇಗ ನಿಲ್ಲುತ್ತದೆ. ಕೋರ್, ಬಫರ್ ಗಡಿ ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ನಗರಗಳ ಏಪ್ರಿಲ್-ಮೇ ತಿಂಗಳ ನೀರೂ ನಿಂತಿದೆ.

ದನ ಸತ್ತ ದಿನ ಆಗಬೇಕಾದದ್ದು

ಕೋರ್ಟಿನ ತೀರ್ಮಾನ ಏನೇ ಬರಲಿ, ಅದಕ್ಕೆ ಕಾಯದೆ ಮಹದಾಯಿಯಲ್ಲಿ ಇಂದೇ ಮಾಡಬಹುದಾದ ಕೆಲಸವೊಂದಿದೆ. ಹುಲಿ ದೊಡ್ಡ ದನವನ್ನು ಹೊಡೆದರೆ ಒಂದೇ ಹೊತ್ತಿಗೆ ತಿಂದು ಮುಗಿಸುವುದಿಲ್ಲ. ಎಳೆದು ಮರೆಯಲ್ಲಿಟ್ಟು ಎರಡು ಮೂರು ರಾತ್ರಿ ಅದೇ ಜಾಗಕ್ಕೆ ಮರಳುತ್ತದೆ. ತಾಯಿಯಾದರೆ ಮರಿಗಳನ್ನೂ ಕರೆದುಕೊಂಡು ಬರುತ್ತದೆ. ವಿಷ ಹಾಕುವವರು ಹಾಕುವುದು ಈ ಅರ್ಧ ತಿಂದ ಕಳೇಬರಕ್ಕೇ. ಬೇಟೆಗಾರನ ಗುಂಡಿಗೆ ಒಂದು ಹುಲಿ ಸಾಯಬಹುದು, ವಿಷಕ್ಕೆ ಇಡೀ ಸಂಸಾರವೇ ಸಾಯುವುದು ಇದರಿಂದ. ನಾಯಿ, ರಣಹದ್ದು, ಕತ್ತೆಕಿರುಬಗಳೂ ಜೊತೆಗೆ ಸಾಯುತ್ತವೆ.

ಆದ್ದರಿಂದ ದನ ಸತ್ತ ಸುದ್ದಿ ಬಂದ ಮೊದಲ ರಾತ್ರಿಯೇ ನಿರ್ಣಾಯಕ. ಮಾಲೀಕರು ಕಳೇಬರವನ್ನು ಅಲುಗಾಡಿಸಬಾರದು, ಹೂಳಲೂ ಬಾರದು. ಕುತ್ತಿಗೆಯ ಕಚ್ಚು, ಎಳೆದ ಜಾಡು, ಹೆಜ್ಜೆ ಗುರುತು ಅಳಿಸಿದರೆ ಹೊಡೆದದ್ದು ಹುಲಿಯೋ ಚಿರತೆಯೋ ಎಂದು ಪಂಚನಾಮೆಯಲ್ಲಿ ಬರೆಯಲಾಗದೆ ಪರಿಹಾರವೇ ತಪ್ಪಬಹುದು. ಫೋನಿನಲ್ಲಿ ಜಾಗದ ಗುರುತು ಸಮೇತ ಫೋಟೊ ತೆಗೆದು ಹತ್ತಿರದ ಅರಣ್ಯ ಕಚೇರಿಗೆ ತಿಳಿಸಬೇಕು. ಪಶುವೈದ್ಯರು ಬಂದು ಪ್ರಮಾಣಪತ್ರ ಕೊಡಬೇಕು. ಇಲಾಖೆಯ ಕಡೆಯಿಂದ ಇಬ್ಬರು ಕಾವಲುಗಾರರು ಆ ಎರಡು ಮೂರು ರಾತ್ರಿ ಅಲ್ಲೇ ಸುಳಿದಾಡುತ್ತಿರಬೇಕು, ಒಂದು ಕ್ಯಾಮೆರಾ ಕಟ್ಟಬೇಕು.

ಪರಿಹಾರದ ಮೊತ್ತಕ್ಕಿಂತ ಅದು ಕೈಗೆ ಬರುವ ದಿನ ಮುಖ್ಯ. ಕರೆಯುವ ಎಮ್ಮೆ ಹೋದರೆ ಗೌಳಿ ಮನೆಯ ಆದಾಯ ಅದೇ ದಿನ ನಿಲ್ಲುತ್ತದೆ, ಆರು ತಿಂಗಳು ಬಿಟ್ಟು ಬರುವ ಚೆಕ್ಕು ಆ ದಿನದ ಸಿಟ್ಟನ್ನು ತಡೆಯುವುದಿಲ್ಲ. ಪಂಚನಾಮೆಯ ದಿನವೇ ಒಂದು ಭಾಗ, ಕಡತ ಮುಗಿದ ಮೇಲೆ ಉಳಿದದ್ದು ಎಂದು ಎರಡು ಕಂತು ಮಾಡಿದರೆ ಸಾಕು. ಇದಕ್ಕೆ ಹುಲಿ ಸಂರಕ್ಷಿತ ಪ್ರದೇಶದ ಅಧಿಸೂಚನೆ ಬೇಕಿಲ್ಲ, ಸುಪ್ರೀಂ ಕೋರ್ಟಿನ ಯಥಾಸ್ಥಿತಿ ಆದೇಶವೂ ಅಡ್ಡ ಬರುವುದಿಲ್ಲ. ಸತ್ತರಿಯ ವಾಳಪೈ ವಲಯದ ಅರಣ್ಯಾಧಿಕಾರಿಯ ಕೈಯಲ್ಲಿ ಖರ್ಚು ಮಾಡುವ ಅಧಿಕಾರ ಮತ್ತು ಸ್ವಲ್ಪ ಮುಂಗಡ ಹಣ ಇದ್ದರೆ ಸಾಕು.